ಪೆಟ್ರೋಲ್ ಬೆಲೆ ಅಮೆರಿಕದ ಅಧ್ಯಕ್ಷರ ಕೈಯಲ್ಲಿದೆಯೇ?

ಪ್ರಶ್ನೆ: ಜಗತ್ತಿನಲ್ಲಿ ಅತಿ ಹೆಚ್ಚು ಕಚ್ಚಾ ತೈಲ ತೆಗೆಯುವ ದೇಶ ಅಮೆರಿಕ. ಹಾಗಿದ್ದರೂ ಅಲ್ಲಿ ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ಒಂದು ಪಕ್ಷ ಅಧ್ಯಕ್ಷರನ್ನು ದೂರುತ್ತದೆ, ಇನ್ನೊಂದು ಪಕ್ಷ ತೈಲ ಕಂಪನಿಗಳನ್ನು ದೂರುತ್ತದೆ. ಬೆಲೆ ಇಳಿಸುವ ಶಕ್ತಿ ಅಧ್ಯಕ್ಷರಿಗೆ ನಿಜವಾಗಿಯೂ ಇದೆಯೇ?

ಉತ್ತರ: ಮುಂದಿನ ತಿಂಗಳ ಬೆಲೆಯ ಮೇಲೆ ಅಧ್ಯಕ್ಷರಿಗಿರುವ ಹಿಡಿತ ಅತ್ಯಲ್ಪ, ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಒಂದು ಸಂಸಾರ ಪೆಟ್ರೋಲಿಗೆಂದು ಎಷ್ಟು ತೆರಬೇಕಾಗುತ್ತದೆ ಎಂಬುದರ ಮೇಲೆ ಮಾತ್ರ ಸಾಕಷ್ಟು ಇದೆ. ಚುನಾವಣೆಯ ಭಾಷಣಗಳಲ್ಲಿ ಜಗಳ ನಡೆಯುವುದು ಮೊದಲನೆಯದರ ಬಗ್ಗೆ, ಎರಡನೆಯದನ್ನು ಕೇಳುವವರು ಕಡಿಮೆ.

ಬೆಲೆಯ ಒಳಗೆ ಏನೇನಿದೆ ಎಂಬುದನ್ನು ಮೊದಲು ನೋಡೋಣ. ಅಮೆರಿಕದಲ್ಲಿ ಪೆಟ್ರೋಲನ್ನು ಅಳೆಯುವುದು ಗ್ಯಾಲನ್ನಿನಲ್ಲಿ, ಅಂದರೆ ಸುಮಾರು 3.8 ಲೀಟರ್. ಗ್ಯಾಲನ್ನಿನ ಬೆಲೆಯಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚಿನ ಪಾಲು ಕಚ್ಚಾ ತೈಲದ್ದು. ಉಳಿದದ್ದು ಸಂಸ್ಕರಣೆ, ಸಾಗಣೆ, ಮಾರಾಟ ಮತ್ತು ತೆರಿಗೆಗಳದ್ದು. ಒಂದು ಬ್ಯಾರೆಲ್ ಎಂದರೆ 42 ಗ್ಯಾಲನ್ ಆದ್ದರಿಂದ ಬ್ಯಾರೆಲ್ಲಿನ ಬೆಲೆ ಒಂದು ಡಾಲರ್ ಏರಿದರೆ ಗ್ಯಾಲನ್ನಿನ ಮೇಲೆ ಸುಮಾರು 2.4 ಸೆಂಟ್ ಹೊರೆ ಬೀಳುತ್ತದೆ. ಆ ಬ್ಯಾರೆಲ್ಲಿನ ಬೆಲೆಯನ್ನು ನಿರ್ಧರಿಸುವುದು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಉರಿಸುವ ಜಗತ್ತಿನ ಮಾರುಕಟ್ಟೆ. ಟೆಕ್ಸಾಸ್‌ನ ಬಾವಿಯಿಂದ ಬಂದ ತೈಲಕ್ಕೂ ಅದರ ಒಡೆಯ ಜಗತ್ತಿನ ದರವನ್ನೇ ಕೇಳುತ್ತಾನೆ. ನಮ್ಮದೇ ನೆಲದಿಂದ ಬಂದದ್ದು ಎಂಬ ಕಾರಣಕ್ಕೆ ಯಾರೂ ರಿಯಾಯಿತಿ ಕೊಡುವುದಿಲ್ಲ.

ಅಧ್ಯಕ್ಷರ ಹಿಡಿತದ ಮಿತಿ ಸ್ಪಷ್ಟವಾಗಿ ಕಂಡದ್ದು 2022ರಲ್ಲಿ. ಫೆಬ್ರುವರಿಯಲ್ಲಿ ರಷ್ಯಾ ಯುಕ್ರೇನ್ ಮೇಲೆ ದಾಳಿ ಮಾಡಿತು. ಜೂನ್ ತಿಂಗಳಲ್ಲಿ ಅಮೆರಿಕದ ಸರಾಸರಿ ಪೆಟ್ರೋಲ್ ಬೆಲೆ ಇತಿಹಾಸದಲ್ಲೇ ಮೊದಲ ಬಾರಿಗೆ ಗ್ಯಾಲನ್ನಿಗೆ ಐದು ಡಾಲರ್ ದಾಟಿತು. ಅಧ್ಯಕ್ಷ ಜೋ ಬೈಡನ್ ತಮ್ಮ ಬತ್ತಳಿಕೆಯಲ್ಲಿದ್ದ ಬಾಣಗಳನ್ನೆಲ್ಲ ಬಿಟ್ಟರು ಎನ್ನಬಹುದು. ಟೆಕ್ಸಾಸ್ ಮತ್ತು ಲೂಸಿಯಾನಾದ ಉಪ್ಪಿನ ಗುಹೆಗಳಲ್ಲಿ ಕೂಡಿಟ್ಟಿರುವ ತುರ್ತು ಸಂಗ್ರಹದಿಂದ ಆರು ತಿಂಗಳ ಕಾಲ ದಿನಕ್ಕೆ ಹತ್ತು ಲಕ್ಷ ಬ್ಯಾರೆಲ್‌ನಂತೆ ಒಟ್ಟು 18 ಕೋಟಿ ಬ್ಯಾರೆಲ್ ಹೊರಬಿಡುವುದಾಗಿ ಅವರು ಮಾರ್ಚ್ 31ರಂದು ಘೋಷಿಸಿದರು. ಅದುವರೆಗಿನ ಅತಿ ದೊಡ್ಡ ಬಿಡುಗಡೆ ಅದು. ಆದರೂ ಜಗತ್ತಿನ ದಿನದ ಬಳಕೆಯಲ್ಲಿ ಅದು ನೂರಕ್ಕೆ ಒಂದು ಪಾಲು, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇತರ ದೇಶಗಳು ಬಿಟ್ಟ ತೈಲವೂ ಸೇರಿ ಗ್ಯಾಲನ್ನಿಗೆ 17ರಿಂದ 42 ಸೆಂಟ್‌ಗಳಷ್ಟು ಬೆಲೆ ತಗ್ಗಿತು ಎಂದು ಅವರದೇ ಸರ್ಕಾರದ ಖಜಾನೆ ಇಲಾಖೆ ಅಂದಾಜು ಮಾಡಿತು. ಇದು ತಳ್ಳಿಹಾಕುವಂಥ ಮೊತ್ತವಲ್ಲ, ಆದರೆ ಇದಕ್ಕಾಗಿ ಸಂಗ್ರಹವು 1980ರ ದಶಕದ ಮೊದಲ ಭಾಗದ ಮಟ್ಟಕ್ಕೆ ಇಳಿಯಿತು. ಯುದ್ಧ ಅಥವಾ ಚಂಡಮಾರುತದ ಆಪತ್ತಿಗೆಂದು ಇಟ್ಟದ್ದನ್ನು ಮಧ್ಯಾವಧಿ ಚುನಾವಣೆಯ ವರ್ಷದಲ್ಲಿ ಖರ್ಚು ಮಾಡಿದರೆಂದು ರಿಪಬ್ಲಿಕನ್ನರು ಟೀಕಿಸಿದರು.

ಜೂನ್ 22ರಂದು ಬೈಡನ್ ಕೇಂದ್ರ ಸರ್ಕಾರದ ಪೆಟ್ರೋಲ್ ತೆರಿಗೆಯನ್ನು ಮೂರು ತಿಂಗಳು ರದ್ದು ಮಾಡುವಂತೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸನ್ನು ಕೋರಿದರು. ಆ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್, 1993ರಿಂದ ಬದಲಾಗಿಲ್ಲ. ಐದು ಡಾಲರಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ, ಹೆದ್ದಾರಿಗಳ ನಿಧಿಗೆ ಹಣ ಬರುವುದು ಬಹುಪಾಲು ಅದರಿಂದಲೇ. ಕಾಂಗ್ರೆಸ್ ಒಪ್ಪಲಿಲ್ಲ, ಅವರದೇ ಡೆಮಾಕ್ರಟಿಕ್ ಪಕ್ಷದ ಹಲವರಿಗೂ ಅದರಲ್ಲಿ ಉತ್ಸಾಹವಿರಲಿಲ್ಲ. ಇದೇ ಬಗೆಯ ತೆರಿಗೆ ರಜೆಯನ್ನು 2008ರಲ್ಲಿ ಅಧ್ಯಕ್ಷ ಸ್ಥಾನದ ಆಕಾಂಕ್ಷಿಗಳಾಗಿದ್ದ ಜಾನ್ ಮೆಕೇನ್ ಮತ್ತು ಹಿಲರಿ ಕ್ಲಿಂಟನ್ ಬೆಂಬಲಿಸಿದಾಗ ಅದನ್ನು ವಿರೋಧಿಸಿದ್ದವರು ಬರಾಕ್ ಒಬಾಮಾ. ತೈಲ ಉತ್ಪಾದನೆ ಹೆಚ್ಚುವ ನಿರೀಕ್ಷೆಯಿಂದ ಜುಲೈನಲ್ಲಿ ಬೈಡನ್ ಸೌದಿ ಅರೇಬಿಯಾದ ಜೆಡ್ಡಾಕ್ಕೆ ಹೋಗಿಬಂದರು. ಆದರೆ ಅಕ್ಟೋಬರ್‌ನಲ್ಲಿ ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್ ಮತ್ತು ಅದರ ಜೊತೆಗಾರ ರಾಷ್ಟ್ರಗಳು ದಿನಕ್ಕೆ 20 ಲಕ್ಷ ಬ್ಯಾರೆಲ್ ಉತ್ಪಾದನೆ ಕಡಿತವನ್ನು ಪ್ರಕಟಿಸಿದವು.

ಇದರ ತಿರುವುಮುರುವು ದೃಶ್ಯವೊಂದು ಎರಡೇ ವರ್ಷ ಹಿಂದೆ ನಡೆದಿತ್ತು, ಅದನ್ನು ಎರಡೂ ಪಕ್ಷಗಳು ಮರೆತಂತಿದೆ. ಕೊರೊನಾ ಕಾಲದಲ್ಲಿ ವಾಹನಗಳು ನಿಂತಲ್ಲೇ ನಿಂತಾಗ, 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ದರ (ಮುಂದೆ ಕೊಡಬೇಕಾದ ತೈಲಕ್ಕೆ ಮೊದಲೇ ಕುದುರಿಸುವ ದರ) ಸೊನ್ನೆಗಿಂತ ಕೆಳಗಿಳಿದು ಬ್ಯಾರೆಲ್ಲಿಗೆ ಮೈನಸ್ 37.63 ಡಾಲರ್ ಮುಟ್ಟಿತು. ಪೆಟ್ರೋಲ್ ಎರಡು ಡಾಲರಿಗಿಂತ ಅಗ್ಗವಾಯಿತು. ಕೊಳ್ಳುವವನ ದೃಷ್ಟಿಯಿಂದ ಇದು ಶುಭವಾರ್ತೆ. ಆದರೆ ಬೆಲೆ ಕುಸಿಯುತ್ತಿದ್ದ ಆ ದಿನಗಳಲ್ಲೇ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸೌದಿ ಅರೇಬಿಯಾ ಮತ್ತು ರಷ್ಯಾದ ನಡುವೆ ನಿಂತು, ದಿನಕ್ಕೆ ಸುಮಾರು 97 ಲಕ್ಷ ಬ್ಯಾರೆಲ್ ಉತ್ಪಾದನೆ ತಗ್ಗಿಸುವ ಒಪ್ಪಂದಕ್ಕೆ ನೆರವಾದರು. ಅಮೆರಿಕದ ತೈಲ ಕಂಪನಿಗಳು ಮುಳುಗದಿರಲು ಬೆಲೆ ಏರಲೇಬೇಕಿತ್ತು. ಕೊಳ್ಳುವವನಿಗೆ ಅಗ್ಗದ ತೈಲ ಬೇಕು, ತೆಗೆಯುವವನಿಗೆ ತುಟ್ಟಿಯ ತೈಲ ಬೇಕು. ಇಬ್ಬರೂ ಮತದಾರರೇ ಆಗಿರುವ ದೇಶದಲ್ಲಿ ಯಾವ ಅಧ್ಯಕ್ಷರೂ ಒಂದೇ ದಿಕ್ಕಿಗೆ ಎಳೆಯಲಾರರು.

ಹಾಗಾದರೆ ಇನ್ನಷ್ಟು ಬಾವಿ ಕೊರೆದರೆ ಆಗದೇ? ರಿಪಬ್ಲಿಕನ್ನರ ವಾದ ಇದೇ, ಮತ್ತು ಇದನ್ನು ಪೊಳ್ಳೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಬಂಡೆಯೊಳಗಿನ ಷೇಲ್ ತೈಲವನ್ನು ಹೊರತೆಗೆಯುವ ತಂತ್ರ ಕೈಗೂಡಿದ ಮೇಲೆ ಅಮೆರಿಕದ ಉತ್ಪಾದನೆ 2008ರ ದಿನಕ್ಕೆ 50 ಲಕ್ಷ ಬ್ಯಾರೆಲ್‌ನಿಂದ 2015ರಲ್ಲಿ 90 ಲಕ್ಷಕ್ಕೂ ಮೇಲೇರಿತು. 2014ರ ನಡುವಿನಲ್ಲಿ ನೂರು ಡಾಲರ್ ಮೀರಿದ್ದ ಬ್ಯಾರೆಲ್ 2016ರ ಆರಂಭದಲ್ಲಿ ಮೂವತ್ತಕ್ಕಿಂತ ಕೆಳಗೆ ಬಿದ್ದದ್ದಕ್ಕೆ ಅದು ಮುಖ್ಯ ಕಾರಣಗಳಲ್ಲೊಂದು. ಆದರೆ ಆಗ ಅಧಿಕಾರದಲ್ಲಿದ್ದವರು ತೈಲದ ಬಗ್ಗೆ ವಿಶೇಷ ಒಲವಿಲ್ಲದ ಒಬಾಮಾ. ವರ್ಷದ ಸರಾಸರಿ ದಿನಕ್ಕೆ 1.29 ಕೋಟಿ ಬ್ಯಾರೆಲ್ ಆಗಿ ದಾಖಲೆ ಮುರಿದದ್ದು 2023ರಲ್ಲಿ, ಬೈಡನ್ ಕಾಲದಲ್ಲಿ. ಹೆಚ್ಚಿನ ಬಾವಿಗಳಿರುವುದು ಖಾಸಗಿ ಮತ್ತು ರಾಜ್ಯಗಳ ನೆಲದಲ್ಲಿ. ಕೇಂದ್ರ ಸರ್ಕಾರದ ನೆಲ ಮತ್ತು ಕಡಲಿನಿಂದ ಬರುವುದು ಕಾಲುಭಾಗದಷ್ಟು ಮಾತ್ರ. ಎಲ್ಲಿ, ಎಷ್ಟು ಕೊರೆಯಬೇಕೆಂದು ತೀರ್ಮಾನಿಸುವುದು ಕಂಪನಿಗಳ ಲೆಕ್ಕ. 2016ರಲ್ಲೂ 2020ರಲ್ಲೂ ಕೈ ಸುಟ್ಟುಕೊಂಡ ಹೂಡಿಕೆದಾರರು, ಬೆಲೆ ಏರಿದಾಗ ಹೊಸ ಬಾವಿಗಿಂತ ಲಾಭಾಂಶವೇ ಮೊದಲು ಬೇಕೆಂದು ಪಟ್ಟು ಹಿಡಿದರು. ಬೆಲೆ ಏರಿದ ಮೇಲೆ ಕಡಲಾಳದಲ್ಲಿ ಗುತ್ತಿಗೆ ಕೊಡುವುದಂತೂ ಬಾಯಾರಿದಾಗ ಬಾವಿ ತೋಡಿದಂತೆಯೇ, ಏಕೆಂದರೆ ಅಲ್ಲಿಂದ ತೈಲ ಬರಲು ಹಲವು ವರ್ಷಗಳು ಹಿಡಿಯುತ್ತವೆ. ಬೈಡನ್ ಅಧಿಕಾರ ಹಿಡಿದ ದಿನವೇ ಅನುಮತಿ ರದ್ದುಪಡಿಸಿದ ಕೀಸ್ಟೋನ್ ಎಕ್ಸ್‌ಎಲ್ ಎಂಬ, ಕೆನಡಾದಿಂದ ತೈಲ ತರಬೇಕಿದ್ದ ಕೊಳವೆ ಮಾರ್ಗವೂ ಇಂಥದ್ದೇ ವಿಷಯ. ಕಟ್ಟಿ ಮುಗಿಯದ ಕೊಳವೆ ಆ ವರ್ಷದ ಬೆಲೆಯನ್ನು ಏರಿಸಲೂ ಇಳಿಸಲೂ ಸಾಧ್ಯವಿರಲಿಲ್ಲ.

ಡೆಮಾಕ್ರಟರು ಬೊಟ್ಟು ಮಾಡುವುದು ಕಂಪನಿಗಳ ದುರಾಸೆಯ ಕಡೆಗೆ. ಎಕ್ಸಾನ್‌ಮೊಬಿಲ್ 2022ರಲ್ಲಿ ಸುಮಾರು 5,570 ಕೋಟಿ ಡಾಲರ್ ಲಾಭ ಗಳಿಸಿತು ಎಂಬುದು ನಿಜ. ಅದೇ ಕಂಪನಿ 2020ರಲ್ಲಿ 2,240 ಕೋಟಿ ಡಾಲರ್ ನಷ್ಟ ಅನುಭವಿಸಿತ್ತು ಎಂಬುದೂ ನಿಜ; ಆ ವರ್ಷ ಅದಕ್ಕೆ ದುರಾಸೆ ಕಡಿಮೆಯಾಗಿತ್ತು ಎಂದು ಯಾರೂ ಹೇಳಲಾರರು. ಅವರ ದೂರಿನಲ್ಲಿ ಹುರುಳಿರುವ ಒಂದು ಅಂಶವೆಂದರೆ, ಕಚ್ಚಾ ತೈಲ ಏರಿದಾಗ ಪೆಟ್ರೋಲ್ ಬೆಲೆ ರಾಕೆಟ್ಟಿನಂತೆ ಏರುತ್ತದೆ, ಇಳಿದಾಗ ಹಕ್ಕಿಯ ಗರಿಯಂತೆ ತೇಲುತ್ತ ಇಳಿಯುತ್ತದೆ. ಅರ್ಥಶಾಸ್ತ್ರಜ್ಞರು ದಶಕಗಳಿಂದ ಗುರುತಿಸಿರುವ ಸಂಗತಿ ಇದು.

ಸರ್ಕಾರವೇ ಬೆಲೆಗೆ ಮಿತಿ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಅಮೆರಿಕ ನೋಡಿದೆ. 1971ರ ಆಗಸ್ಟ್‌ನಲ್ಲಿ ರಿಚರ್ಡ್ ನಿಕ್ಸನ್ ಬೆಲೆಗಳನ್ನೆಲ್ಲ ಸ್ಥಗಿತಗೊಳಿಸಿದರು; ಉಳಿದ ವಸ್ತುಗಳ ಮೇಲಿನ ನಿಯಂತ್ರಣ ಹೋದರೂ ತೈಲದ ಮೇಲಿನದು ಉಳಿದುಕೊಂಡಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ ಬೆಲೆಗಿಂತ ಹೆಚ್ಚಾಗಿ ಪೆಟ್ರೋಲ್ ಬಂಕ್‌ಗಳ ಮುಂದಿನ ಸಾಲುಗಳು ಬೆಳೆದವು. ವಾಹನದ ಸಂಖ್ಯೆ ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್ ಹಾಕುವ ಪದ್ಧತಿ ಹಲವು ರಾಜ್ಯಗಳಲ್ಲಿ ಬಂತು. 1979ರ ಇರಾನ್ ಕ್ರಾಂತಿಯ ನಂತರ ಅದೇ ಕಥೆ ಮರುಕಳಿಸಿತು. ಕೊನೆಯ ನಿಯಂತ್ರಣಗಳನ್ನು 1981ರ ಜನವರಿಯಲ್ಲಿ ರೊನಾಲ್ಡ್ ರೇಗನ್ ತೆಗೆದುಹಾಕಿದರು.

ಈ ಎಲ್ಲ ಗದ್ದಲದ ನಡುವೆ ನಿಜವಾಗಿ ಕೆಲಸ ಮಾಡಿದ್ದು, ನನ್ನ ಅಭಿಪ್ರಾಯದಲ್ಲಿ, 1975ರ ಡಿಸೆಂಬರ್‌ನಲ್ಲಿ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆ. ತುರ್ತು ತೈಲ ಸಂಗ್ರಹ ಹುಟ್ಟಿದ್ದೂ ಅದರಿಂದಲೇ. ಅದರ ಇನ್ನೊಂದು ಭಾಗವು ಹೊಸ ಕಾರುಗಳ ಸರಾಸರಿ ಮೈಲೇಜ್ 1985ರ ವೇಳೆಗೆ ಗ್ಯಾಲನ್ನಿಗೆ 27.5 ಮೈಲಿ ಆಗಬೇಕೆಂದಿತು, ಅಂದರೆ ಆಗ ಇದ್ದದ್ದರ ಸುಮಾರು ಎರಡರಷ್ಟು. ಗ್ಯಾಲನ್ನಿಗೆ 15 ಮೈಲಿ ಓಡುವ ಗಾಡಿಯ ಬದಲು 30 ಮೈಲಿ ಓಡುವ ಗಾಡಿ ಇರುವ ಮನೆಯಲ್ಲಿ, ಪೆಟ್ರೋಲ್ ಐದು ಡಾಲರ್ ಆದರೂ ಅದೇ ದೂರಕ್ಕೆ ತಗಲುವ ಖರ್ಚು ಎರಡೂವರೆ ಡಾಲರಿನ ಕಾಲದ್ದೇ. ಇದರ ಫಲ ಕಾಣಲು ಹಳೆಯ ವಾಹನಗಳು ರಸ್ತೆಯಿಂದ ಮರೆಯಾಗುವಷ್ಟು ಕಾಲ ಬೇಕು, ಒಬ್ಬ ಅಧ್ಯಕ್ಷರ ಅವಧಿಗಿಂತ ಉದ್ದದ ಕಾಲ ಅದು.

ಈ ನಿಯಮವೂ ಪಕ್ಷಗಳ ಎಳೆದಾಟದಿಂದ ಹೊರಗುಳಿಯಲಿಲ್ಲ. ಒಬಾಮಾ 2012ರಲ್ಲಿ ಅದನ್ನು ಬಿಗಿಗೊಳಿಸಿದರು, ಟ್ರಂಪ್ 2020ರಲ್ಲಿ ಸಡಿಲಿಸಿದರು, ಬೈಡನ್ 2022ರಲ್ಲಿ ಮತ್ತೆ ಬಿಗಿಗೊಳಿಸಿದರು. 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ತೆರಿಗೆ ಮತ್ತು ವೆಚ್ಚದ ಕಾಯ್ದೆಯು ನಿಯಮವನ್ನು ರದ್ದು ಮಾಡದೆ, ಅದನ್ನು ಮುರಿದ ಕಾರು ತಯಾರಕರು ಕಟ್ಟಬೇಕಾದ ದಂಡವನ್ನು ಸೊನ್ನೆಗೆ ಇಳಿಸಿತು.