ಚೀನೀ ರಂಗದ ವಾನರವೀರನು ನಮ್ಮ ಹನುಮಂತನೇ?

ಪ್ರಶ್ನೆ: ಚೀನೀ ಸಂಗೀತ ನಾಟಕಗಳಲ್ಲಿ ದಂಡ ತಿರುಗಿಸುತ್ತ ಬರುವ ವಾನರನು ನಮ್ಮ ಹನುಮಂತನೇ ಅಲ್ಲವೇ? ಬೌದ್ಧ ಭಿಕ್ಷುಗಳು ಅವನನ್ನು ಅಲ್ಲಿಗೆ ಕೊಂಡೊಯ್ದರಂತೆ, ನಿಜವೇ?

ಉತ್ತರ: ಈ ಪ್ರಶ್ನೆಗೆ ಹಲವು ಬಾರಿ ಚುಟುಕಾಗಿ ಉತ್ತರಿಸಿದ್ದೇನೆ; ಆದರೂ ಅದು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ. ಅವನು ಹನುಮಂತನಲ್ಲ. ಅವನು ಸುನ್ ವುಕೊಂಗ್. ಬೌದ್ಧ ಗ್ರಂಥಗಳನ್ನು ತರಲು ಭಾರತಕ್ಕೆ ಹೊರಟ ಭಿಕ್ಷುವಿನ ಶಿಷ್ಯ. ಆ ಭಿಕ್ಷುವೇ ಇಮ್ಮಡಿ ಪುಲಿಕೇಶಿಯ ಬಗ್ಗೆ ಬರೆದಿಟ್ಟ, ನಮ್ಮ ಶಾಲಾ ಪಾಠಗಳ ಹ್ಯೂಯೆನ್ ತ್ಸಾಂಗ್. ಆದರೆ ಪ್ರವಾಸಿ ಚರಿತ್ರೆಗೆ ಸೇರಿದವನು, ವಾನರನು ಕಥೆಗೆ ಸೇರಿದವನು.

ಹನುಮಂತನ ವಾದವನ್ನು 1923ರಲ್ಲಿ ಬಲವಾಗಿ ಮುಂದಿಟ್ಟವರು ಚೀನಾದವರೇ ಆದ ವಿದ್ವಾಂಸ ಹೂ ಶಿ. ಚೀನೀ ಸಾಹಿತಿ ಲೂ ಶುನ್ ಅದನ್ನು ಒಪ್ಪದೆ, ಹುವಾಯ್ ನದಿಯ ಕಪಿರೂಪದ ಜಲರಾಕ್ಷಸನೊಬ್ಬನ ಸ್ಥಳೀಯ ಐತಿಹ್ಯದತ್ತ ಬೆರಳು ತೋರಿದರು. ನಮ್ಮಲ್ಲಿ ಮೊದಲನೆಯ ಮಾತು ಮಾತ್ರ ಉಳಿದುಕೊಂಡಿತು, ಅದೂ ಊಹೆಯಾಗಿ ಅಲ್ಲ, ಸಿದ್ಧಾಂತವಾಗಿ.

ರಂಗದ ಮೇಲೆ ಈ ವಾನರ ಏನು ಮಾಡುತ್ತಾನೆಂಬುದನ್ನು ದಯವಿಟ್ಟು ಗಮನಿಸಿ. ಸ್ವರ್ಗದಲ್ಲಿ ಅವನೆಬ್ಬಿಸುವ ದಾಂಧಲೆಯ ಪ್ರಸಿದ್ಧ ನಾಟಕದಲ್ಲಿ, ಕಾವಲಿಗೆಂದು ತನಗೊಪ್ಪಿಸಿದ ತೋಟದ ಅಮರತ್ವದ ಪೀಚ್ ಹಣ್ಣುಗಳನ್ನು ತಾನೇ ತಿಂದು, ದೇವತೆಗಳ ಔತಣದ ಮದ್ಯವನ್ನು ಕುಡಿದು, ತನ್ನನ್ನು ಹಿಡಿಯಬಂದ ದೇವಸೇನೆಯನ್ನೇ ಹೊಡೆದಟ್ಟುತ್ತಾನೆ. ಮುಂದೆ ಗುರುವಿನ ಜೊತೆ ನಡೆಯುವುದೂ ಮೊದಮೊದಲು ಭಕ್ತಿಯಿಂದಲ್ಲ. ಮಂತ್ರ ಹೇಳಿದೊಡನೆ ಬಿಗಿದು ತಲೆ ಸಿಡಿಯುವಂತೆ ಮಾಡುವ ಚಿನ್ನದ ತಲೆಪಟ್ಟಿಯ ಭಯದಿಂದ. ರಾಮನಾಮದಲ್ಲೇ ಮೈಮರೆಯುವ ಹನುಮಂತನಿಗೆ ಇಂಥ ಪಟ್ಟಿ ಬೇಕಾಗಿತ್ತೇ? ಇನ್ನೂ ಹಿಂದಕ್ಕೆ ಹೋದರೆ, ಯಾಂಗ್ ಜಿಂಗ್‌ಶಿಯಾನ್ ಬರೆದನೆನ್ನಲಾಗುವ 24 ಅಂಕಗಳ ಹಳೆಯ ನಾಟಕದಲ್ಲಿ ಈ ವಾನರನು ರಾಜಕುಮಾರಿಯೊಬ್ಬಳನ್ನು ಅಪಹರಿಸಿ ತಂದು ಹೆಂಡತಿಯಾಗಿ ಇಟ್ಟುಕೊಂಡಿರುತ್ತಾನೆ. ಅಪಹೃತಳಾದ ಸೀತೆಯನ್ನು ಹುಡುಕಲು ಕಡಲು ಹಾರಿದ ಬ್ರಹ್ಮಚಾರಿಯೆಲ್ಲಿ, ಇವನೆಲ್ಲಿ!

‘ಬೌದ್ಧರ ಮೂಲಕ ರಾಮಾಯಣ ಹೋಗಿರಬಹುದಲ್ಲ’ ಎಂಬುದು ಮುಂದಿನ ವಾದ. 3ನೆಯ ಶತಮಾನದ ಚೀನೀ ಅನುವಾದವೊಂದರಲ್ಲಿ ರಾಜ್ಯಭ್ರಷ್ಟ ರಾಜ, ಅಪಹೃತಳಾದ ರಾಣಿ, ಕಡಲಿಗೆ ಸೇತುವೆ ಕಟ್ಟುವ ಕಪಿಸೇನೆ ಎಲ್ಲವೂ ಇರುವುದು ನಿಜ. ಆದರೆ ಅಲ್ಲಿ ಹನುಮಂತನ ಹೆಸರಿಲ್ಲ, ಉಪಾಯ ಹೇಳುವ ಪುಟ್ಟ ಕಪಿಯೂ ಮಾರುವೇಷದ ಇಂದ್ರನೇ. ವಾಲ್ಮೀಕಿ ರಾಮಾಯಣದ ಪೂರ್ಣ ಚೀನೀ ಅನುವಾದ, ಜಿ ಶಿಯಾನ್‌ಲಿನ್ ಅವರದು, ಅಚ್ಚಾದದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಸುನ್ ವುಕೊಂಗ್ ಶತಮಾನಗಳಿಂದ ರಂಗದ ಮೇಲಿದ್ದ. ವಾನರವೀರನೆಂಬ ಕಲ್ಪನೆಗೆ ಭಾರತದ ಗಾಳಿ ಸೋಕಿರಬಹುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸೋಕಿದ್ದು ಬೇರೆ, ಅವನೇ ಇವನೆನ್ನುವುದು ಬೇರೆ.

ಭಾರತದಿಂದಲೇ ಹೋದದ್ದೆಂದು ನಿಸ್ಸಂದೇಹವಾಗಿ ಹೇಳಬಹುದಾದ ದೃಶ್ಯ ಬೇಕಿದ್ದರೆ ಇನ್ನೊಂದಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಸ್ತ್ರೀಪಾತ್ರಗಳಿಗೆ ಹೆಸರಾದ ನಟ ಮೇ ಲಾನ್‌ಫಾಂಗ್ 1917ರಲ್ಲಿ ರಂಗಕ್ಕೆ ತಂದ, ದೇವಕನ್ಯೆ ಹೂ ಚೆಲ್ಲುವ ಆ ನಾಟಕದ ಮೂಲ ವಿಮಲಕೀರ್ತಿ ಸೂತ್ರವೆಂಬ ಬೌದ್ಧ ಗ್ರಂಥ. ಕುಮಾರಜೀವನೆಂಬ ಭಿಕ್ಷು ಅದನ್ನು 406ರಲ್ಲಿ ಚೀನೀ ಭಾಷೆಗೆ ತಂದಿದ್ದ. ವೈಶಾಲಿಯಲ್ಲಿ ವಿಮಲಕೀರ್ತಿ ಎಂಬ ಗೃಹಸ್ಥನು ಕಾಯಿಲೆಯ ನೆವದಲ್ಲಿ ಮಲಗಿರುತ್ತಾನೆ. ಅವನನ್ನು ನೋಡಲು ಬಂದವರ ಮೇಲೆ ದೇವಕನ್ಯೆಯೊಬ್ಬಳು ಹೂ ಚೆಲ್ಲಿದಾಗ, ಬೋಧಿಸತ್ತ್ವರ, ಅಂದರೆ ಬುದ್ಧತ್ವದ ಹಾದಿ ಹಿಡಿದವರ, ಮೈಮೇಲೆ ಬಿದ್ದ ಹೂಗಳು ಜಾರಿಹೋಗುತ್ತವೆ. ಶ್ರಾವಕರ, ಅಂದರೆ ಬುದ್ಧನ ಉಪದೇಶ ಕೇಳಿ ನಡೆಯುವ ಶಿಷ್ಯರ, ಮೈಗೆ ಅಂಟಿಕೊಳ್ಳುತ್ತವೆ. ಭಿಕ್ಷುವಿಗೆ ಹೂ ತರವಲ್ಲವೆಂದು ಅವರಲ್ಲೊಬ್ಬನಾದ ಸಾರಿಪುತ್ರ ಅವನ್ನು ಕೊಡವಲು ಹೆಣಗುತ್ತಾನೆ. ಭೇದವೆಣಿಸುವುದು ಹೂವಲ್ಲ, ನೀನೇ ಎಂದು ಅವಳು ಅವನಿಗೆ ತಿಳಿಹೇಳುತ್ತಾಳೆ.

ಸೂತ್ರದಲ್ಲಿ ಆ ಕನ್ಯೆ ಇರುವುದು ವಿಮಲಕೀರ್ತಿಯ ಮನೆಯಲ್ಲೇ. ರಂಗದಲ್ಲಿ ಅವಳು ಬುದ್ಧನ ಆಜ್ಞೆಯಂತೆ ಆಕಾಶಮಾರ್ಗದಲ್ಲಿ ಬರುತ್ತಾಳೆ, ಆ ಪಯಣಕ್ಕೆಂದೇ ಒಂದು ದೃಶ್ಯ ಮೀಸಲು. ಅಲ್ಲಿ ಮೋಡದ ಪರದೆಯಾಗಲಿ ಹಾರಿಸುವ ಯಂತ್ರವಾಗಲಿ ಬೇಕಾಗಲಿಲ್ಲ. ಹಳೆಯ ಬೌದ್ಧ ಚಿತ್ರಗಳ ಅಪ್ಸರೆಯರ ಮೈಮೇಲೆ ಕಾಣುವಂಥ ಉದ್ದನೆಯ ರೇಷ್ಮೆಪಟ್ಟಿಗಳನ್ನು ಹೆಗಲಿನಿಂದ ಇಳಿಬಿಟ್ಟು, ಹಾಡುತ್ತಲೇ ಅವನ್ನು ಸುರುಳಿ ಸುರುಳಿಯಾಗಿ ಬೀಸಿ, ಮೇ ಲಾನ್‌ಫಾಂಗ್ ಬರಿಯ ನೆಲದ ಮೇಲೆ ಆಕಾಶವನ್ನು ತೋರಿಸಿದರು.