ಕಾಡುಪಾಪ ದಾಟದ ರಸ್ತೆ, ಹಕ್ಕಿ ದಾಟದ ಕೆರೆ

ತುಮಕೂರು ಪಕ್ಕದ ನಾಗವಲ್ಲಿ ಕಾಡುಪಾಪಕ್ಕೆ ಹೆಸರಾದ ಊರು. ಒಂದು ರಾತ್ರಿ ಆ ಕಡೆಯ ರಸ್ತೆಬದಿಯಲ್ಲಿ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ನಿಂತಿದ್ದೆವು. ಹುಣಸೆ ಮರದಲ್ಲಿ ಎರಡು ಕಣ್ಣು ಕೆಂಡದ ಹಾಗೆ ಹೊಳೆದವು. ಕಾಲು ಕೆಜಿ ತೂಗುವ ಪ್ರಾಣಿ. ಕೈಕಾಲು ಕಡ್ಡಿಯಂತೆ ಸಣ್ಣ. ಒಂದು ಕೈಯ ಹಿಡಿತ ಗಟ್ಟಿಯಾದ ಮೇಲೇ ಇನ್ನೊಂದು ಕೈ ಬಿಡುತ್ತಾ, ನಿಧಾನವಾಗಿ ರೆಂಬೆಯ ತುದಿಗೆ ಬಂತು. ಮುಂದೆ ರಸ್ತೆ. ಆಚೆ ಬದಿಯ ಹೊಂಗೆ ಮರ ಹತ್ತು ಹೆಜ್ಜೆ ದೂರವೂ ಇರಲಿಲ್ಲ. ಕೈ ಚಾಚಿತು, ಗಾಳಿಯಲ್ಲಿ ತಡಕಾಡಿತು. ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು, ಬಂದ ದಾರಿಯಲ್ಲೇ ವಾಪಸ್ ಹೋಯಿತು.

ಕಾಡುಪಾಪ ಮಂಗನ ಹಾಗೆ ನೆಗೆಯುವುದಿಲ್ಲ. ನೆಲಕ್ಕಿಳಿದರೆ ನಾಯಿ, ಗಾಡಿ. ಹಾಗಾಗಿ ಆ ಹುಣಸೆ ಮರ ಅದಕ್ಕೊಂದು ದ್ವೀಪ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಸಮುದ್ರದ ನಡುವಿನ ಮಳೆಕಾಡುಗಳನ್ನು ನೂರಕ್ಕೂ ಹೆಚ್ಚು ವರ್ಷ ನೋಡಿದವರು ಕಂಡುಕೊಂಡಿದ್ದೂ ಇದನ್ನೇ. ಒಂದು ಕಾಡಿನಲ್ಲಿ ಯಾರು ಇರುತ್ತಾರೆ ಅನ್ನುವುದು, ಅಲ್ಲಿಗೆ ಯಾರು ದಾಟಿ ಬರಬಲ್ಲರು ಅನ್ನುವುದರ ಮೇಲೆ ನಿಂತಿದೆ.

ಕಥೆ ಶುರುವಾಗುವುದು ಒಂದು ಸುಟ್ಟ ದ್ವೀಪದಿಂದ. 1883ರ ಆಗಸ್ಟ್‌ನಲ್ಲಿ ಇಂಡೋನೇಷ್ಯಾದ ಜಾವಾ ಮತ್ತು ಸುಮಾತ್ರಾ ದ್ವೀಪಗಳ ನಡುವಿನ ಕ್ರಕಟೋವಾ ಜ್ವಾಲಾಮುಖಿ ಸಿಡಿಯಿತು. ಮಳೆಕಾಡು ತುಂಬಿದ್ದ ದ್ವೀಪದ ಹೆಚ್ಚಿನ ಭಾಗ ಸಮುದ್ರದ ಪಾಲಾಯಿತು. ಉಳಿದ ತುಂಡಿನ ಮೇಲೆ ಬಿಸಿ ಬೂದಿ ಹತ್ತಾರು ಮೀಟರ್ ದಪ್ಪಕ್ಕೆ ಕೂತಿತು. ಒಂಬತ್ತು ತಿಂಗಳ ನಂತರ ಅಲ್ಲಿಗೆ ಹೋದವರ ಕಣ್ಣಿಗೆ ಬಿದ್ದ ಜೀವ ಒಂದೇ ಒಂದು, ಪುಟ್ಟ ಜೇಡ. ಹಿಡಿಯಲು ಒಂದು ನೊಣವೂ ಕಾಣದ ಆ ಬೂದಿಯ ಮೇಲೆ ಅದು ಬಲೆ ನೇಯುತ್ತಿತ್ತು. ಜೇಡದ ಮರಿಗಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಹೋಗುತ್ತವೆ. ಇದೂ ಹಾಗೇ ಬಂದಿರಬೇಕು.

1886ರ ಹೊತ್ತಿಗೆ ಬೂದಿಯ ಮೇಲೆ ಜರಿಗಿಡಗಳು ಹರಡಿದ್ದವು. ಅವುಗಳ ಬೀಜಾಣು ಧೂಳಿನಷ್ಟು ಹಗುರ, ಗಾಳಿಯೇ ಹೊತ್ತು ತಂತು. ದಡದ ಗಿಡಗಳ ಬೀಜವನ್ನು ಅಲೆ ತಂದು ಹಾಕಿತು. ಆಮೇಲೆ ಹುಲ್ಲು. 1930ರ ಸುಮಾರಿಗೆ ಮತ್ತೆ ನೆರಳು ಕವಿದ ಕಾಡು! ಈ ಮರಗಳನ್ನು ತಂದವರು ಯಾರು? ಬಹುಪಾಲು ಹಕ್ಕಿಗಳು ಮತ್ತು ಹಣ್ಣು ತಿನ್ನುವ ಬಾವಲಿಗಳು. ಅವು ತಂದಿದ್ದರಲ್ಲಿ ನಮ್ಮ ಅತ್ತಿ, ಆಲ, ಗೋಣಿಗಳ ಬಳಗವೇ ಜಾಸ್ತಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಎಂದು ನಮ್ಮಲ್ಲಿ ಹೇಳುವುದುಂಟು, ಅದೂ ಬೈಯುವ ಧಾಟಿಯಲ್ಲಿ. ಅದರೊಳಗೆ ಸಿಗುವ ಪುಟ್ಟ ರೆಕ್ಕೆಯ ಹುಳಗಳು ಕಣಜದ ಬಳಗದವು. ಅತ್ತಿಯ ಹೂವು ಕಾಯಿಯ ಒಳಗೇ ಇರುತ್ತದೆ. ಆ ಕಣಜ ಒಳಹೊಕ್ಕು ಪರಾಗ ತಲುಪಿಸಿದರೆ ಮಾತ್ರ ಬೀಜ. ಈ ಬಳಗದ ಒಂದೊಂದು ಜಾತಿ ಮರಕ್ಕೂ ಹೆಚ್ಚುಕಡಿಮೆ ಅದರದ್ದೇ ಕಣಜ ಬೇಕು. ಅಂದರೆ ಕ್ರಕಟೋವಾಕ್ಕೆ ಬೀಜ ಬಂದರೆ ಸಾಲದು, ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಕಣಜವೂ ಗಾಳಿ ಹಿಡಿದು ಸಮುದ್ರ ದಾಟಬೇಕು. ಜಾವಾ, ಸುಮಾತ್ರಾ ಎರಡೂ ಅಲ್ಲಿಂದ ಸುಮಾರು 40 ಕಿ.ಮೀ. ದೂರ. ಕಣಜ ದಾಟಿತು. ಆದರೆ ಭಾರದ ಬೀಜದ ದೊಡ್ಡ ಕಾಡುಮರಗಳು ದಾಟಲಿಲ್ಲ. ನೂರು ವರ್ಷ ಕಳೆದ ಮೇಲೆ ಹೋಗಿ ನೋಡಿದವರಿಗೂ ಅವು ಸಿಗಲಿಲ್ಲ. ಹಸಿರು ವಾಪಸ್ ಬಂತು, ಹಳೆಯ ಕಾಡು ಬರಲಿಲ್ಲ.

ಈ ಕ್ರಕಟೋವಾದ ಹಕ್ಕಿಗಳ ಲೆಕ್ಕವನ್ನೂ ಮುಂದಿಟ್ಟುಕೊಂಡು ರಾಬರ್ಟ್ ಮೆಕಾರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ ಎಂಬ ಇಬ್ಬರು ಅಮೆರಿಕನ್ನರು 1967ರಲ್ಲಿ ಒಂದು ಸಿದ್ಧಾಂತವನ್ನು ಪುಸ್ತಕವಾಗಿ ಹೊರತಂದರು. ದ್ವೀಪ ಚಿಕ್ಕದಾದಷ್ಟೂ ಜೀವಗಳು ಬೇಗ ಅಳಿಯುತ್ತವೆ. ದೂರವಾದಷ್ಟೂ ಹೊಸಬರು ಬರುವುದು ಕಡಿಮೆ. ಅಂದಾಜಿನ ಲೆಕ್ಕದಲ್ಲಿ, ಜಾಗ ಹತ್ತನೇ ಒಂದು ಭಾಗಕ್ಕೆ ಇಳಿದರೆ ಜಾತಿಗಳು ಅರ್ಧಕ್ಕಿಳಿಯುತ್ತವೆ.

ಇದಕ್ಕೆ ಕಣ್ಣೆದುರಿನ ಸಾಕ್ಷಿ ಪನಾಮಾದಲ್ಲಿತ್ತು. ಅಲ್ಲಿ ಹಡಗಿನ ಕಾಲುವೆಗಾಗಿ ನದಿಗೆ ಅಣೆ ಕಟ್ಟಿದಾಗ, ಮಳೆಕಾಡಿನ ಒಂದು ಗುಡ್ಡದ ತುದಿ ಗಟುನ್ ಎಂಬ ದೊಡ್ಡ ಕೆರೆಯ ನಡುವೆ ದ್ವೀಪವಾಗಿ ಉಳಿಯಿತು. ಹೆಸರು ಬಾರೋ ಕೊಲರಾಡೋ. ಹೆಚ್ಚುಕಡಿಮೆ 15 ಚದರ ಕಿ.ಮೀ. 1923ರಿಂದ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಆದರೂ ಹತ್ತಾರು ಜಾತಿ ಹಕ್ಕಿಗಳು ಅಲ್ಲಿಂದ ಕಾಣೆಯಾದವು. ಹಕ್ಕಿಗೆ ರೆಕ್ಕೆ ಇದೆ, ಆಚೆ ದಡ ಕಾಣುತ್ತದೆ, ಬೇರೆಯವು ಬರಬಹುದಿತ್ತಲ್ವಾ? ಅದೇ ಕೆರೆಯಲ್ಲಿ ಸಂಶೋಧಕರು ಕಾಡಿನ ಹಕ್ಕಿಗಳನ್ನು ದೋಣಿಯಲ್ಲಿ ಒಯ್ದು, ದಡದಿಂದ 100 ಮೀಟರ್ ದೂರದಿಂದ ಶುರುಮಾಡಿ ಬೇರೆಬೇರೆ ದೂರದಲ್ಲಿ ಬಿಟ್ಟು ನೋಡಿದರು. ಕೆಲವು ಜಾತಿಗಳಿಗೆ 100 ಮೀಟರ್ ಕೂಡ ಆಗಲಿಲ್ಲ. ನೆರಳಲ್ಲೇ ಕೊಂಬೆಯಿಂದ ಕೊಂಬೆಗೆ ಹಾರಿ ಬದುಕಿದ ಹಕ್ಕಿಗಳು ಅವು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಾಗವಲ್ಲಿಯ ಆ ಚಾಚಿದ ಕೈ.

ದಾಟಿ ಬರಬಾರದ್ದು ಬಂದರೂ ಕಷ್ಟವೇ. ಎರಡನೇ ಮಹಾಯುದ್ಧದ ನಂತರ ಪೆಸಿಫಿಕ್‌ನ ಗುವಾಮ್ ದ್ವೀಪಕ್ಕೆ ಸೇನೆಯ ಸರಕಿನ ಜೊತೆ ಮರ ಹತ್ತುವ ಒಂದು ಜಾತಿಯ ಹಾವು ಬಂದು ಸೇರಿತು. ಅಲ್ಲಿನ ಹಕ್ಕಿಗಳಿಗೆ ಅಂಥ ಹಾವಿನ ಪರಿಚಯವೇ ಇರಲಿಲ್ಲ. ಕೆಲವೇ ದಶಕಗಳಲ್ಲಿ 12 ಜಾತಿ ಕಾಡುಹಕ್ಕಿಗಳಲ್ಲಿ 10 ಇಲ್ಲವಾದವು. ಈಗ ಅಲ್ಲಿ ಹಣ್ಣು ಮರದ ಬುಡದಲ್ಲೇ ಉದುರುತ್ತದೆ. ಬೀಜ ಒಯ್ಯುವವರಿಲ್ಲ.

ದೇವರಾಯನದುರ್ಗದ ತುದಿಯಲ್ಲಿ ನಿಂತು ನೋಡಿ. ಜಯಮಂಗಲಿ ಹುಟ್ಟುವ ಗುಡ್ಡಗಳ ಕಾಡು ಒಂದಷ್ಟು ದೂರ. ಆಮೇಲೆ ರಾಗಿ ಹೊಲ, ತೆಂಗಿನ ತೋಟ, ನೀಲಗಿರಿ ತೋಪು, ಲೇಔಟು. ನಮ್ಮದು ಮಳೆಕಾಡಲ್ಲ, ಕುರುಚಲು ಕಾಡು. ಲೆಕ್ಕ ಮಾತ್ರ ಅದೇ. ಹಳದಿ ಕೊರಳಿನ ಪಿಕಳಾರ ಇಲ್ಲೂ ಇದೆ, ನಂದಿ ಬೆಟ್ಟದಲ್ಲೂ ಇದೆ. ಆದರೆ ಅದು ಬಂಡೆಗುಡ್ಡದ ಹಕ್ಕಿ. ನಡುವಿನ ಹೊಲಗಳಲ್ಲಿ ಅದಕ್ಕೆ ಮನೆಯಿಲ್ಲ. 1,478 ಮೀಟರ್ ಎತ್ತರದ ನಂದಿಯ ತುದಿಯಲ್ಲಿ, ಮಂಜು ನೆನೆಸುವ ಮರಗಳ ನಡುವೆ, ನೀಲಗಿರಿ ಕಾಡುಪಾರಿವಾಳ ಕಾಣಿಸುತ್ತದೆ. ಅದರ ಬಳಗದ ಬಹುಪಾಲು ಇರುವುದು ಸುಮಾರು 200 ಕಿ.ಮೀ. ಆಚೆಯ ಪಶ್ಚಿಮಘಟ್ಟದಲ್ಲಿ. ಚಿಕ್ಕಬಳ್ಳಾಪುರದ ಸುತ್ತ ಒಂದು ಗುಡ್ಡ ಕ್ರಷರ್‌ಗೆ ಹೋದರೆ ಹೋಗುವುದು ಕಲ್ಲಷ್ಟೇ ಅಲ್ಲ. ಎರಡು ದ್ವೀಪಗಳ ನಡುವಿನ ತಂಗುದಾಣವೂ ಹೋಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ದೇಶದ ದಕ್ಷಿಣದ ತುದಿಯಲ್ಲಿ ಆಗುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗ್ರೇಟ್ ನಿಕೋಬಾರ್ ಸುಮಾರು 910 ಚದರ ಕಿ.ಮೀ. ದ್ವೀಪ, ಬಹುತೇಕ ಮಳೆಕಾಡು. ಬಂದರು, ವಿಮಾನ ನಿಲ್ದಾಣ, ಪಟ್ಟಣಕ್ಕಾಗಿ ಅದರಲ್ಲಿ ಸುಮಾರು 130 ಚದರ ಕಿ.ಮೀ. ಕಾಡು ಬಳಸಲು 2022ರಲ್ಲಿ ಅನುಮತಿ ಸಿಕ್ಕಿತು. ಬದಲಿಗೆ ಗಿಡ ನೆಡಲು ಗೊತ್ತುಮಾಡಿದ್ದು ಹರಿಯಾಣದಲ್ಲಿ! ಎಲೆಮಣ್ಣು ಗುಡ್ಡೆ ಹಾಕಿ ಅದರ ಬಿಸಿಯಲ್ಲೇ ಮೊಟ್ಟೆ ಮರಿ ಮಾಡುವ ನಿಕೋಬಾರ್ ಮೆಗಾಪೋಡ್ ಹಕ್ಕಿ ಹರಿಯಾಣಕ್ಕೆ ಹೋಗಲಾರದು. ಆ ಕಾಡಿನಲ್ಲೇ ಬಾಳಿ ಬಂದ ಶೋಂಪೆನ್ ಜನರೂ ಅಷ್ಟೆ.

ಜಾವಾದಿಂದ ಇನ್ನೊಂದು ಸುದ್ದಿಯೂ ಇದೆ. ಅಲ್ಲಿ ನಮ್ಮ ಕಾಡುಪಾಪದ ದಾಯಾದಿ ಪ್ರಾಣಿಯೊಂದು ಹೊಲಗಳ ನಡುವಿನ ಮರಗಳಲ್ಲಿ ಸಿಕ್ಕಿಕೊಂಡಿತ್ತು. ಸಂಶೋಧಕರು ರೈತರ ಜೊತೆ ಕೂತು ಮಾತಾಡಿ, ಹೊಲಕ್ಕೆ ನೀರೊಯ್ಯುವ ಪೈಪನ್ನು ನೆಲದ ಮೇಲೆ ಎಳೆಯುವ ಬದಲು ಮರದಿಂದ ಮರಕ್ಕೆ ಎತ್ತರದಲ್ಲಿ ಕಟ್ಟಿದರು. ರೈತನಿಗೆ ನೀರೂ ಬಂತು. ಕೆಲವೇ ದಿನಗಳಲ್ಲಿ ಆ ಪ್ರಾಣಿಗಳು, ಒಂದು ಕೈ ಗಟ್ಟಿ ಹಿಡಿದು ಇನ್ನೊಂದು ಬಿಡುತ್ತಾ, ಪೈಪಿನ ಮೇಲೆ ಆಚೆ ಮರಕ್ಕೆ ಹೋಗತೊಡಗಿದವು.