ಶುಕ್ರವಾರದ 50 ಕೋಟಿಯಿಂದ ಶೇ 4ರ ಗುರಿಯವರೆಗೆ

ಪ್ರತಿ ಶುಕ್ರವಾರ ರಿಸರ್ವ್ ಬ್ಯಾಂಕಿನಲ್ಲಿರುವ ಕೇಂದ್ರ ಸರ್ಕಾರದ ಖಾತೆಯಲ್ಲಿ ಕನಿಷ್ಠ 50 ಕೋಟಿ ರೂಪಾಯಿ ಇರಬೇಕಿತ್ತು. ಕಡಿಮೆ ಬಿದ್ದರೆ? 91 ದಿನದ ಒಂದು ಟ್ರೆಷರಿ ಬಿಲ್, ಅಂದರೆ ಸರ್ಕಾರದ ಸಾಲಪತ್ರ, ತಾನಾಗಿ ಹುಟ್ಟುತ್ತಿತ್ತು. ಬ್ಯಾಂಕ್ ಅದನ್ನು ಇಟ್ಟುಕೊಂಡು ಖಾತೆಗೆ ದುಡ್ಡು ತುಂಬುತ್ತಿತ್ತು. ಬೇಡ ಅನ್ನುವಂತಿರಲಿಲ್ಲ. 1955ರಲ್ಲಿ ಶುರುವಾದ ಈ ‘ಆಡ್‌ಹಾಕ್ ಬಿಲ್’ ಏರ್ಪಾಡು 40 ವರ್ಷಕ್ಕೂ ಜಾಸ್ತಿ ನಡೆಯಿತು. 1974ರಿಂದ ಇದರ ಬಡ್ಡಿ ಬರೀ ಶೇ 4.6.

ಭಾರತದ ಹಣದುಬ್ಬರದ ಕಥೆಯನ್ನು ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಗವರ್ನರ್‌ಗೆ ಬೆಲೆ ಏರಿಕೆಯ ಭಯ ಎಷ್ಟೇ ಇರಲಿ, ‘ಆಗಲ್ಲ’ ಅನ್ನುವ ಅಧಿಕಾರ ಇಲ್ಲದಿದ್ದರೆ ಏನು ಪ್ರಯೋಜನ? ತೆರಿಗೆ ಸರಿಯಾಗಿ ವಸೂಲಾಗದ ದೇಶದಲ್ಲಿ ಸರ್ಕಾರ ಸುಲಭವಾಗಿ ಕೈಚಾಚುವುದು ಕೇಂದ್ರೀಯ ಬ್ಯಾಂಕಿನ ಕಡೆಗೇ. ಹಾಗೆ ಹುಟ್ಟಿದ ದುಡ್ಡು ಸರಕನ್ನು ಮೀರಿದಾಗ ಬೆಲೆ ಏರುತ್ತದೆ. ಪೆಟ್ಟು ಬೀಳುವುದು ಕೂಲಿಯವರಿಗೆ, ಉಳಿತಾಯದ ಬಡ್ಡಿಯಲ್ಲೇ ಬದುಕುವ ಹಿರಿಯರಿಗೆ.

1994ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಸಿ. ರಂಗರಾಜನ್ ಅವರ ಕಾಲದಲ್ಲಿ ಬ್ಯಾಂಕ್ ಮತ್ತು ಸರ್ಕಾರ ಒಪ್ಪಂದ ಮಾಡಿಕೊಂಡವು. 1997ರ ಏಪ್ರಿಲ್‌ಗೆ ಆಡ್‌ಹಾಕ್ ಬಿಲ್ ನಿಂತೇಹೋಯಿತು. ಆಮೇಲೆ ಬಂದ ಎಲ್ಲ ಸುಧಾರಣೆಗಿಂತ ಇದೇ ದೊಡ್ಡದು ಅಂತ ನನಗನ್ನಿಸುತ್ತದೆ.

ಕೈ ಬಿಡಿಸಿಕೊಂಡ ಬ್ಯಾಂಕಿಗೆ ಯಾವುದು ಮುಖ್ಯ, ಬೆಳವಣಿಗೆಯೋ ಬೆಲೆಯೋ? ಬಹಳ ವರ್ಷ ಎರಡನ್ನೂ ಹಿಡಿದುಕೊಂಡೇ ನಡೆಯಿತು. 2009ರ ನಂತರ ನಾಲ್ಕೈದು ವರ್ಷ ಚಿಲ್ಲರೆ ಹಣದುಬ್ಬರ ಶೇ 10ರ ಆಸುಪಾಸಿನಲ್ಲೇ ಇತ್ತು. ಎಫ್‌ಡಿ ಬಡ್ಡಿ ಸಾಲದೆ ಜನ ಚಿನ್ನದ ಕಡೆ ಓಡಿದರು. 2014ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಊರ್ಜಿತ್ ಪಟೇಲ್ ಸಮಿತಿ ಹಣದುಬ್ಬರಕ್ಕೆ ಶೇ 4ರ ಗುರಿ ಇಡಿ, ಎರಡು ಅಂಶ ಹೆಚ್ಚಾದರೂ ಕಡಿಮೆಯಾದರೂ ಪರವಾಗಿಲ್ಲ ಎಂದಿತು. 2016ರಲ್ಲಿ ಕಾನೂನೇ ಬದಲಾಯಿತು. ಬಡ್ಡಿ ನಿರ್ಧಾರಕ್ಕೆ ಆರು ಜನರ ಸಮಿತಿ ಬಂತು. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಮತ ಸಮ ಆದರೆ ಗವರ್ನರ್ ಮಾತೇ ನಡೆಯುತ್ತದೆ. ಸತತ ಮೂರು ತ್ರೈಮಾಸಿಕ ಹಣದುಬ್ಬರ ಈ ಶೇ 2ರಿಂದ 6ರ ಮಿತಿಯ ಹೊರಗಿದ್ದರೆ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು.

2022ರಲ್ಲಿ ಹಾಗೇ ಆಯಿತು. ಕೊರೊನಾ ಕಾಲದಲ್ಲಿ ಬೆಳವಣಿಗೆ ಮುಖ್ಯ ಅಂತ ಶೇ 4ಕ್ಕೆ ಇಳಿಸಿದ್ದ ರೆಪೊ ದರವನ್ನು (ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ರಿಸರ್ವ್ ಬ್ಯಾಂಕ್ ಮೇ ತಿಂಗಳವರೆಗೂ ಏರಿಸಲಿಲ್ಲ. ಏಪ್ರಿಲ್‌ನಲ್ಲೇ ಹಣದುಬ್ಬರ ಶೇ 7.79 ಮುಟ್ಟಿತ್ತು. ಸರ್ಕಾರಕ್ಕೆ ವರದಿ ಹೋಯಿತು, ಜನರ ಮುಂದೆ ಬರಲಿಲ್ಲ. ಬೆಲೆ ತೆತ್ತವರು ನಾವೇ ಅಲ್ವಾ, ನಮಗೂ ತೋರಿಸಬೇಕಿತ್ತು.

ಇನ್ನೊಂದು ತೊಡಕು ನಮ್ಮ ಊಟದ ತಟ್ಟೆಯಲ್ಲಿದೆ. ಆಗ ಹಣದುಬ್ಬರ ಅಳೆಯುವ ಪಟ್ಟಿಯಲ್ಲಿ ಆಹಾರದ ಪಾಲು ಸುಮಾರು ಶೇ 46 ಇತ್ತು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ಆಸುಪಾಸಿಗೆ ಹರಾಜಾಯಿತು. ಆ ತಿಂಗಳ ಹಣದುಬ್ಬರ ಶೇ 7.44. ಬಡ್ಡಿ ಏರಿಸಿದ ಮಾತ್ರಕ್ಕೆ ಮಾರ್ಕೆಟ್ಟಿಗೆ ಟೊಮೆಟೊ ಜಾಸ್ತಿ ಬರಲ್ಲ. ಆಗಸ್ಟ್‌ನಲ್ಲಿ ಸೇರಿದ ಸಮಿತಿ ರೆಪೊ ದರವನ್ನು ಶೇ 6.5ರಲ್ಲೇ ಉಳಿಸಿತು. ಸೆಪ್ಟೆಂಬರ್‌ನ ಹಣದುಬ್ಬರ ಶೇ 5.02ಕ್ಕೆ ಇಳಿಯಿತು. ಅಷ್ಟರಲ್ಲಿ ಬೆಳೆಗಾರರಿಗೆ ಸಿಗುತ್ತಿದ್ದ ಟೊಮೆಟೊ ಬೆಲೆಯೂ ನೆಲಕಚ್ಚಿತ್ತು.